ಟಿವಿಯ ಚುಕ್ಕಿ ಎಷ್ಟು, ಕಣ್ಣಿಗೆ ಕಾಣುವುದೆಷ್ಟು?

ಮಕ್ಕಳೇ, ಒಂದು ಬಿಳಿ ಹಾಳೆ, ಒಂದು ಸ್ಕೇಲು, ಒಂದು ಕಪ್ಪು ಪೆನ್ನು ತೆಗೆದುಕೊಳ್ಳಿ. ಹಾಳೆಯ ಮೇಲೆ ಒಂದು ಮಿಲಿಮೀಟರ್ ದಪ್ಪದ ಗೆರೆಗಳನ್ನು ಪಕ್ಕಪಕ್ಕದಲ್ಲಿ ಎಳೆಯಿರಿ. ಎರಡು ಗೆರೆಗಳ ನಡುವೆ ಒಂದು ಮಿಲಿಮೀಟರ್ ಬಿಳಿ ಜಾಗ ಬಿಡಿ. ಹತ್ತು ಗೆರೆ ಸಾಕು. ಹಾಳೆಯನ್ನು ಬೆಳಕು ಚೆನ್ನಾಗಿ ಬೀಳುವ ಗೋಡೆಗೆ ಅಂಟಿಸಿ. ಈಗ ಅದನ್ನೇ ನೋಡುತ್ತ ಒಂದೊಂದೇ ಹೆಜ್ಜೆ ಹಿಂದಕ್ಕೆ ಹೋಗಿ.

ಮೊದಲ ಕೆಲವು ಹೆಜ್ಜೆಗಳವರೆಗೆ ಗೆರೆಗಳು ಒಂದೊಂದಾಗಿ ಕಾಣುತ್ತವೆ. ಆಮೇಲೆ ಸ್ವಲ್ಪ ಮಸುಕಾಗುತ್ತವೆ. ಒಂದು ಜಾಗಕ್ಕೆ ಬಂದಾಗ ಗೆರೆಯೂ ಇಲ್ಲ, ನಡುವಿನ ಬಿಳಿಯೂ ಇಲ್ಲ, ಬೂದು ಬಣ್ಣದ ಒಂದು ಪಟ್ಟಿ ಮಾತ್ರ ಉಳಿಯುತ್ತದೆ. ಅಲ್ಲೇ ನಿಂತು ಗೋಡೆಯವರೆಗಿನ ದೂರವನ್ನು ಅಳೆಯಿರಿ. ಕಣ್ಣು ಆರೋಗ್ಯವಾಗಿದ್ದರೆ ಸಾಮಾನ್ಯವಾಗಿ ಮೂರೂವರೆ ಮೀಟರಿನಿಂದ ಐದು ಮೀಟರಿನ ನಡುವೆ ಈ ಜಾಗ ಸಿಗುತ್ತದೆ.

ಗೆರೆಗಳು ಎಲ್ಲಿಗೂ ಹೋಗಿಲ್ಲ. ಅವು ಗೋಡೆಯ ಮೇಲೆಯೇ ಇವೆ. ಅಷ್ಟು ದೂರದಿಂದ ಅಷ್ಟು ಸಣ್ಣದನ್ನು ಬಿಡಿಸಿ ನೋಡುವ ಶಕ್ತಿ ನಮ್ಮ ಕಣ್ಣಿಗೆ ಇಲ್ಲ, ಅಷ್ಟೆ. ಮನುಷ್ಯನ ನೋಟಕ್ಕೆ ಹೀಗೊಂದು ಮೇರೆ ಇದೆ. ಮನೆಗೆ ದೊಡ್ಡ ಟಿವಿ ಬರುವಾಗ ಏಳುವ ಒಂದು ದೊಡ್ಡ ಪ್ರಶ್ನೆಗೆ ಉತ್ತರ ಸಿಗುವುದು ಈ ಮೇರೆಯಲ್ಲಿ.

ಓಣಂ ಬಂತು, ಟಿವಿ ಬಂತು

ಕೇರಳದಲ್ಲಿ ಹೊಸ ಟಿವಿ ಕೊಳ್ಳುವ ಕಾಲವೆಂದರೆ ಓಣಂ. ಚಿಂಗಂ ಮಾಸ ಹತ್ತಿರವಾದಂತೆ ಕೊಚ್ಚಿಯ ಎರ್ನಾಕುಳಂ ಪೇಟೆಯಲ್ಲಿಯೂ ತಿರುವನಂತಪುರದ ಅಂಗಡಿಗಳಲ್ಲಿಯೂ ಗೋಡೆಯುದ್ದಕ್ಕೂ ಟಿವಿಗಳು ಬೆಳಗುತ್ತವೆ. ನಮ್ಮಲ್ಲಿ ದಸರಾ, ದೀಪಾವಳಿಗೆ ಇರುವ ಸಡಗರವೇ ಅಲ್ಲಿ ಓಣಂಗೆ. ಪ್ರತಿ ಪರದೆಯ ಮೂಲೆಯಲ್ಲಿಯೂ ಒಂದು ಚೀಟಿ: ಎಚ್‌ಡಿ, 4ಕೆ, 8ಕೆ. ಸಂಖ್ಯೆ ಏರಿದಂತೆ ಬೆಲೆಯೂ ಏರುತ್ತದೆ. ಅಪ್ಪ, ಅಮ್ಮ, ಅಜ್ಜಿ ಎಲ್ಲರೂ ಕೇಳುವುದು ಒಂದೇ ಮಾತು: ಹೆಚ್ಚು ಸಂಖ್ಯೆಯದನ್ನು ತೆಗೆದುಕೊಂಡರೆ ಚಿತ್ರ ಹೆಚ್ಚು ಚೆನ್ನಾಗಿ ಕಾಣುತ್ತದೆಯೇ?

ಈ ಸಂಖ್ಯೆಗಳು ಏನನ್ನು ಎಣಿಸುತ್ತವೆ ಎಂದು ಮೊದಲು ನೋಡೋಣ. ಓಣಂ ದಿನಗಳಲ್ಲಿ ಮನೆಯಂಗಳದಲ್ಲಿ ಹೂವಿನ ಎಸಳುಗಳಿಂದ ಪೂಕಳಂ ಹಾಕುತ್ತಾರಲ್ಲ, ಟಿವಿಯ ಚಿತ್ರವೂ ಹಾಗೆಯೇ ಸಣ್ಣ ಸಣ್ಣ ತುಣುಕುಗಳಿಂದ ಕೂಡಿದ್ದು. ಹತ್ತಿರ ಕೂತು ನೋಡಿದರೆ ಎಸಳು ಎಸಳಾಗಿ ಕಾಣುವ ಪೂಕಳಂ, ಜಗಲಿಯ ಮೇಲೆ ನಿಂತು ನೋಡಿದರೆ ಒಂದೇ ಬಣ್ಣದ ಚಿತ್ತಾರವಾಗುತ್ತದೆ. ಟಿವಿಯ ಒಂದೊಂದು ತುಣುಕಿಗೆ ಪಿಕ್ಸೆಲ್ ಎಂದು ಹೆಸರು. ನಾವು ಅದನ್ನು ಚುಕ್ಕಿ ಎಂದೇ ಕರೆಯೋಣ.

ಹಳೆಯ ಮಾದರಿಯ ಪ್ರಸಾರದಲ್ಲಿ ಒಂದು ಸಾಲಿಗೆ 720 ಚುಕ್ಕಿ, ಅಂಥ 576 ಸಾಲು. ಗುಣಿಸಿದರೆ 4,14,720 ಚುಕ್ಕಿ. ಪೂರ್ಣ ಎಚ್‌ಡಿ ಎಂದರೆ 1920 ಚುಕ್ಕಿಯ 1080 ಸಾಲು, ಒಟ್ಟು 20,73,600. 4ಕೆ ಎಂದರೆ 3840 ಚುಕ್ಕಿಯ 2160 ಸಾಲು, ಒಟ್ಟು 82,94,400. ಇದು ಎಚ್‌ಡಿಯ ಸರಿಯಾಗಿ ನಾಲ್ಕು ಪಟ್ಟು. 8ಕೆ ಎಂದರೆ 7680 ಚುಕ್ಕಿಯ 4320 ಸಾಲು. ಅದರಲ್ಲಿ 3 ಕೋಟಿ 31 ಲಕ್ಷಕ್ಕೂ ಹೆಚ್ಚು ಚುಕ್ಕಿಗಳಿವೆ.

ಪರದೆಯ ಅಳತೆ ಬದಲಾಗದೆ ಚುಕ್ಕಿಗಳು ಮಾತ್ರ ಹೆಚ್ಚಿದರೆ ಒಂದೊಂದು ಚುಕ್ಕಿಯೂ ಚಿಕ್ಕದಾಗಲೇಬೇಕು. 43 ಇಂಚಿನ ಟಿವಿ ಸುಮಾರು 95 ಸೆಂಟಿಮೀಟರ್ ಅಗಲ ಇರುತ್ತದೆ. ಅದು ಎಚ್‌ಡಿಯಾದರೆ ಒಂದು ಚುಕ್ಕಿ ಸುಮಾರು ಅರ್ಧ ಮಿಲಿಮೀಟರ್. 4ಕೆ ಆದರೆ ಕಾಲು ಮಿಲಿಮೀಟರ್. 8ಕೆ ಆದರೆ ಅದರಲ್ಲೂ ಅರ್ಧ. ಹಾಳೆಯ ಮೇಲೆ ಒಂದು ಮಿಲಿಮೀಟರ್ ಗೆರೆಯೇ ನಾಲ್ಕೈದು ಮೀಟರ್ ದೂರದಲ್ಲಿ ಕರಗಿಹೋಯಿತು. ಕಾಲು ಮಿಲಿಮೀಟರಿನ ಚುಕ್ಕಿ ಎಷ್ಟು ದೂರದವರೆಗೆ ಬಿಡಿಯಾಗಿ ಕಂಡೀತು?

ಕಣ್ಣಿನೊಳಗಿನ ಎಣಿಕೆ

ನಮ್ಮ ಕಣ್ಣಿನ ಹಿಂಬದಿಯಲ್ಲಿ ರೆಟಿನಾ ಎಂಬ ತೆಳುಪರದೆ ಇದೆ. ಅದರಲ್ಲಿ ಬೆಳಕನ್ನು ಹಿಡಿಯುವ ಕೋಶಗಳಿವೆ. ಮಂದ ಬೆಳಕಿಗೆ ಓಗೊಡುವ ಕಡ್ಡಿಕೋಶಗಳು ಸುಮಾರು 12 ಕೋಟಿ. ಬಣ್ಣವನ್ನೂ ಸೂಕ್ಷ್ಮ ವಿವರವನ್ನೂ ಗುರುತಿಸುವ ಶಂಕುಕೋಶಗಳು ಸುಮಾರು 60 ಲಕ್ಷ. ಈ ಶಂಕುಕೋಶಗಳು ರೆಟಿನಾದ ಎಲ್ಲ ಕಡೆ ಒಂದೇ ಸಮನಾಗಿ ಹರಡಿಲ್ಲ. ನಡುವೆ ಫೋವಿಯಾ ಎಂಬ ಪುಟ್ಟ ತಗ್ಗು ಇದೆ. ಅಲ್ಲಿ ಅವು ಒತ್ತೊತ್ತಾಗಿ ಕೂತಿವೆ. ಅತಿ ದಟ್ಟವಾದ ಕಡೆ ಒಂದು ಚದರ ಮಿಲಿಮೀಟರಿನಲ್ಲಿ ಹತ್ತಿರ ಹತ್ತಿರ ಎರಡು ಲಕ್ಷ.

ಇದನ್ನೂ ಪರೀಕ್ಷಿಸಬಹುದು. ಈ ಸಾಲಿನ ಒಂದು ಪದದ ಮೇಲೆ ಕಣ್ಣು ನೆಟ್ಟು, ಕಣ್ಣು ಕದಲಿಸದೆ ಐದು ಸಾಲು ಕೆಳಗಿನ ಪದವನ್ನು ಓದಲು ನೋಡಿ. ಓದಲಾಗದು. ಅಲ್ಲಿ ಅಕ್ಷರಗಳಿವೆ ಎಂದು ತಿಳಿಯುತ್ತದೆ, ಯಾವ ಅಕ್ಷರವೆಂದು ತಿಳಿಯುವುದಿಲ್ಲ. ಫೋವಿಯಾ ನೋಡುತ್ತಿರುವ ಪುಟ್ಟ ಜಾಗವಷ್ಟೇ ನಮಗೆ ಸ್ಪಷ್ಟ. ಕಣ್ಣು ಸದಾ ಅತ್ತಿತ್ತ ಓಡಾಡುತ್ತ ಆ ಪುಟ್ಟ ಸ್ಪಷ್ಟತೆಯನ್ನೇ ಕೂಡಿಸಿ ಕೂಡಿಸಿ ಇಡೀ ನೋಟವನ್ನು ಕಟ್ಟಿಕೊಡುತ್ತದೆ.

ಎರಡು ಚುಕ್ಕಿಗಳು ಬೇರೆ ಬೇರೆ ಎಂದು ಮಿದುಳಿಗೆ ಗೊತ್ತಾಗಬೇಕಾದರೆ ಅವುಗಳ ಬೆಳಕು ಬೇರೆ ಬೇರೆ ಶಂಕುಕೋಶಗಳ ಮೇಲೆ ಬೀಳಬೇಕು, ನಡುವಿನ ಖಾಲಿ ಜಾಗಕ್ಕೂ ಒಂದು ಕೋಶ ಸಿಗಬೇಕು. ದೂರ ಹೋದಂತೆ ಎರಡೂ ಚುಕ್ಕಿಗಳ ಬೆಳಕು ಒಂದೇ ಕಡೆ ಬಂದು ಬೀಳುತ್ತದೆ. ಆಗ ಎರಡು ಒಂದಾಗುತ್ತದೆ.

ಈ ಮೇರೆಯನ್ನು ಅಳೆಯಲು ದೂರ ಮತ್ತು ಗಾತ್ರ ಎರಡನ್ನೂ ಸೇರಿಸಿ ಕೋನದಲ್ಲಿ ಹೇಳುತ್ತಾರೆ. ಒಂದು ಡಿಗ್ರಿಯನ್ನು 60 ಭಾಗ ಮಾಡಿದರೆ ಒಂದು ಭಾಗಕ್ಕೆ ಒಂದು ನಿಮಿಷ ಎನ್ನುತ್ತಾರೆ. ಇದು ಗಡಿಯಾರದ ನಿಮಿಷವಲ್ಲ, ಕೋನದ ನಿಮಿಷ. ನೆದರ್ಲೆಂಡ್ಸಿನ ಕಣ್ಣಿನ ವೈದ್ಯ ಹರ್ಮನ್ ಸ್ನೆಲೆನ್ 1862ರಲ್ಲಿ ತಮ್ಮ ಅಕ್ಷರಫಲಕವನ್ನು ಪ್ರಕಟಿಸಿದರು. ಕಣ್ಣಿನ ಆಸ್ಪತ್ರೆಯಲ್ಲಿ ನೀವು ಓದುವ, ಕೆಳಗೆ ಹೋದಂತೆ ಚಿಕ್ಕದಾಗುವ ಅಕ್ಷರಗಳ ಸಾಲುಗಳು ಅವರ ಕೊಡುಗೆ. 6/6 ದೃಷ್ಟಿ ಎಂದು ವೈದ್ಯರು ಬರೆದರೆ, ಆರು ಮೀಟರ್ ದೂರದಲ್ಲಿ ಒಂದು ನಿಮಿಷ ಕೋನದಷ್ಟು ಸಣ್ಣ ವಿವರವನ್ನು ನಿಮ್ಮ ಕಣ್ಣು ಬಿಡಿಸಿ ನೋಡುತ್ತದೆ ಎಂದು ಅರ್ಥ.

ಫೋರ್ಟ್ ಕೊಚ್ಚಿಯ ಕಡಲಂಚಿನಲ್ಲಿ ಇದನ್ನು ದೊಡ್ಡ ಅಳತೆಯಲ್ಲಿ ನೋಡಬಹುದು. ಅಲ್ಲಿ ಮರದ ತೊಲೆಗಳಿಂದ ತೂಗುವ ಚೀನಾ ಬಲೆಗಳಿವೆ. ಪಕ್ಕದಲ್ಲಿ ನಿಂತರೆ ಬಲೆಯ ಒಂದೊಂದು ಕಂಡಿಯೂ ಕಾಣುತ್ತದೆ. ವೈಪಿನ್ ಕಡೆಗೆ ಹೋಗುವ ದೋಣಿ ಹತ್ತಿ ಹಿಂತಿರುಗಿ ನೋಡುತ್ತಿರಿ. ಕಂಡಿ ಐದು ಸೆಂಟಿಮೀಟರಿನದಾದರೆ ಇನ್ನೂರು ಮೀಟರ್ ಆಸುಪಾಸಿನಲ್ಲಿ ಅದು ಕರಗಿ, ಬಲೆ ಒಂದು ತೆಳುವಾದ ಬಟ್ಟೆಯಾಗಿ ತೋರುತ್ತದೆ. ಕೊಚ್ಚಿಯ ಬಂದರಿನ ಮೇಲೆ ಹಾರಾಡುವ ಗರುಡ, ಹದ್ದುಗಳನ್ನೂ ಗಮನಿಸಿ. ಹದ್ದಿನ ಬಳಗದ ದೊಡ್ಡ ಹಕ್ಕಿಗಳಲ್ಲಿ ಕೆಲವಕ್ಕೆ ನಮಗಿಂತ ಎರಡು ಪಟ್ಟು ಸೂಕ್ಷ್ಮವಾದ ನೋಟವಿದೆ. ಅವುಗಳ ಫೋವಿಯಾದಲ್ಲಿ ಕೋಶಗಳು ಇನ್ನೂ ಒತ್ತಾಗಿವೆ.

ಹೊಸ ಅಳತೆ

ಸ್ನೆಲೆನ್ ಅವರ ಲೆಕ್ಕದಂತೆ ಒಂದು ಡಿಗ್ರಿ ನೋಟದೊಳಗೆ ನಾವು 60 ಚುಕ್ಕಿಗಳನ್ನು ಬಿಡಿಸಿ ನೋಡಬಲ್ಲೆವು. ಆದರೆ ಆ ಲೆಕ್ಕ ಹುಟ್ಟಿದ್ದು ಅಕ್ಷರ ಓದಿಸಲು, ಇಂದಿನ ಹೊಳೆಯುವ ಪರದೆಗಳಿಗಾಗಿ ಅಲ್ಲ. ಆದ್ದರಿಂದ ಇಂಗ್ಲೆಂಡಿನ ಕೇಂಬ್ರಿಡ್ಜ್ ವಿಶ್ವವಿದ್ಯಾಲಯದ ಮತ್ತು ಮೆಟಾ ಕಂಪನಿಯ ಸಂಶೋಧಕರು ಸೇರಿ ಹೊಸದಾಗಿ ಅಳೆದರು. ಹಳಿಯ ಮೇಲೆ ಹಿಂದೆ ಮುಂದೆ ಸರಿಯುವ ಒಂದು ಪರದೆ ಮಾಡಿದರು. ಅದರ ಮೇಲೆ ತೀರಾ ನವುರಾದ ಗೆರೆಗಳನ್ನು ಮೂಡಿಸಿದರು. ಗೆರೆ ಕಾಣುತ್ತಿದೆಯೇ ಇಲ್ಲವೇ ಎಂದು ನೋಡುಗರನ್ನು ಕೇಳುತ್ತ ಹೋದರು. ನೀವು ಹಾಳೆ ಅಂಟಿಸಿ ಮಾಡಿದ ಪ್ರಯೋಗವನ್ನೇ ಅವರು ಬಹಳ ಕರಾರುವಾಕ್ಕಾಗಿ ಮಾಡಿದರು.

2025ರಲ್ಲಿ ಪ್ರಕಟವಾದ ಅವರ ಫಲಿತಾಂಶ ಹೀಗಿದೆ. ಕಪ್ಪು-ಬಿಳುಪು ವಿವರವಾದರೆ ಒಂದು ಡಿಗ್ರಿಗೆ ಸರಾಸರಿ 94 ಚುಕ್ಕಿ. ಕೆಂಪು-ಹಸಿರು ವಿವರವಾದರೆ 89. ಹಳದಿ-ನೇರಳೆ ವಿವರವಾದರೆ 53 ಮಾತ್ರ. ನಾವು ಎಣಿಸಿದ್ದಕ್ಕಿಂತ ನಮ್ಮ ಕಣ್ಣು ಚುರುಕಾಗಿದೆ. ಆದರೂ ಮೇರೆ ಮೇರೆಯೇ. ಒಂದು ಡಿಗ್ರಿಯೊಳಗೆ 94ಕ್ಕಿಂತ ಹೆಚ್ಚು ಚುಕ್ಕಿ ತುಂಬಿದರೆ ಸಾಮಾನ್ಯ ನೋಡುಗನಿಗೆ ಹೆಚ್ಚಿನದೇನೂ ಕಾಣುವುದಿಲ್ಲ.

ಬಣ್ಣದ ಸಂಖ್ಯೆಗಳನ್ನು ಇನ್ನೊಮ್ಮೆ ನೋಡಿ. ಬಣ್ಣಗಳ ಸಣ್ಣ ವ್ಯತ್ಯಾಸವನ್ನು ಬಿಡಿಸುವುದರಲ್ಲಿ ನಮ್ಮ ಕಣ್ಣು ಕೊಂಚ ಹಿಂದೆ. ಟಿವಿ ಎಂಜಿನಿಯರುಗಳಿಗೆ ಇದು ಬಹಳ ಹಿಂದಿನಿಂದಲೇ ಗೊತ್ತು. ಹಾಗಾಗಿ ಪ್ರಸಾರವಾಗುವ ಚಿತ್ರದಲ್ಲಿ ಬೆಳಕು-ನೆರಳಿನ ಮಾಹಿತಿಯನ್ನು ಪೂರ್ತಿಯಾಗಿ ಕಳಿಸಿ, ಬಣ್ಣದ ಮಾಹಿತಿಯನ್ನು ಸಾಮಾನ್ಯವಾಗಿ ನಾಲ್ಕು ಚುಕ್ಕಿಗೆ ಒಂದರಂತೆ ಕಳಿಸುತ್ತಾರೆ. ನಾವು ಯಾರೂ ಅದನ್ನು ಗಮನಿಸಿಲ್ಲ. ಕಣ್ಣಿಗೆ ಬೇಡದ್ದನ್ನು ಉಳಿಸುವ ಈ ಜಾಣತನ ಟಿವಿಯಲ್ಲಿ ಹಳೆಯದು.

ಎರಡು ಊರು, ಎರಡು ಕೋಣೆ

ಈಗ ಒಂದು ದಾರ ತನ್ನಿ. ಟಿವಿಯ ಪರದೆ ಎಷ್ಟು ಅಗಲವಿದೆಯೋ ಅಷ್ಟು ಉದ್ದಕ್ಕೆ ಅದನ್ನು ಕತ್ತರಿಸಿ. ಟಿವಿಯಿಂದ ನೀವು ಕೂರುವ ಜಾಗದವರೆಗೆ ಆ ದಾರವನ್ನು ಹಾಸುತ್ತ ಎಷ್ಟು ದಾರ ದೂರ ಎಂದು ಎಣಿಸಿ. ಮೇಲಿನ 94ರ ಲೆಕ್ಕದಿಂದ ಒಂದು ಸುಲಭ ಸೂತ್ರ ಸಿಗುತ್ತದೆ. ಮೂರು ದಾರ ಅಥವಾ ಅದಕ್ಕಿಂತ ದೂರ ಕೂತರೆ ಎಚ್‌ಡಿಯ ಚುಕ್ಕಿಗಳೇ ಕಣ್ಣಿಗೆ ತುಂಬಿಹೋಗುತ್ತವೆ. ಒಂದೂವರೆಯಿಂದ ಮೂರು ದಾರದ ನಡುವೆ ಕೂತರೆ 4ಕೆಯ ಪ್ರಯೋಜನ ಕಾಣುತ್ತದೆ. ಒಂದೂವರೆ ದಾರಕ್ಕಿಂತ ಹತ್ತಿರ ಕೂತರೆ ಮಾತ್ರ 8ಕೆಗೆ ಅರ್ಥ.

ಕೊಚ್ಚಿಯ ಒಂದು ಫ್ಲಾಟ್ ಊಹಿಸಿಕೊಳ್ಳಿ. ನಗರದ ಮನೆ, ಹಾಲ್ ಚಿಕ್ಕದು. ಸೋಫಾದಿಂದ ಟಿವಿಗೆ ಎರಡೂವರೆ ಮೀಟರ್. ಅಲ್ಲಿ 43 ಇಂಚಿನ ಟಿವಿ ಇಟ್ಟರೆ ದೂರ ಎರಡೂವರೆ ದಾರಕ್ಕಿಂತ ತುಸು ಹೆಚ್ಚು ಆಗುತ್ತದೆ. ಎಚ್‌ಡಿಯಾದರೆ ಒಂದು ಡಿಗ್ರಿಗೆ ಸುಮಾರು 88 ಚುಕ್ಕಿ ಬೀಳುತ್ತದೆ. 94ಕ್ಕೆ ಆರೇ ಕಡಿಮೆ. 4ಕೆ ಹಾಕಿದರೆ 176 ಆಗುತ್ತದೆ. ಅದರಲ್ಲಿ ಹತ್ತಿರ ಹತ್ತಿರ ಅರ್ಧದಷ್ಟು ಕಣ್ಣಿಗೆ ಸೇರುವುದೇ ಇಲ್ಲ. ಕೇಂಬ್ರಿಡ್ಜಿನವರು ಹೇಳಿದ ಉದಾಹರಣೆಯೂ ಇದಕ್ಕೆ ಹತ್ತಿರದ್ದು. ಎರಡೂವರೆ ಮೀಟರ್ ದೂರದಿಂದ 44 ಇಂಚಿನ ಟಿವಿ ನೋಡುವಾಗ ಎಚ್‌ಡಿಗಿಂತ ಒಂದೇ ಮೆಟ್ಟಿಲು ಮೇಲಿನ ಪರದೆ ಸಾಕು, 4ಕೆ ಮತ್ತು 8ಕೆಯಿಂದ ಹೆಚ್ಚಿನ ಲಾಭವಿಲ್ಲ ಎಂದರು ಅವರು.

ಅದೇ ಫ್ಲಾಟಿಗೆ 55 ಇಂಚಿನ ಟಿವಿ ತಂದರೆ ಲೆಕ್ಕ ಬದಲಾಗುತ್ತದೆ. ಅದರ ಅಗಲ ಸುಮಾರು 122 ಸೆಂಟಿಮೀಟರ್, ದೂರ ಎರಡೇ ದಾರ. ಎಚ್‌ಡಿಯಾದರೆ ಡಿಗ್ರಿಗೆ 69 ಚುಕ್ಕಿ. ಕಣ್ಣು ಇನ್ನೂ ಬೇಕು ಎನ್ನುತ್ತದೆ. ಇಲ್ಲಿ 4ಕೆ ನಿಜವಾಗಿ ಉಪಯೋಗಕ್ಕೆ ಬರುತ್ತದೆ. 8ಕೆ ಬೇಕಿಲ್ಲ.

ಈಗ ತಿರುವನಂತಪುರದ ಒಂದು ಹಳೆಯ ಹೆಂಚಿನ ಮನೆಗೆ ಹೋಗೋಣ. ಹಾಲ್ ದೊಡ್ಡದು, ಅಜ್ಜ ಕೂರುವ ಕುರ್ಚಿಯಿಂದ ಟಿವಿಗೆ ಮೂರೂವರೆ ಮೀಟರ್ ಇರಲಿ. ಅಲ್ಲಿ 55 ಇಂಚಿನ ಟಿವಿಯೂ ಮೂರು ದಾರಕ್ಕೆ ಹತ್ತಿರ. ಡಿಗ್ರಿಗೆ 96 ಚುಕ್ಕಿ. ಎಚ್‌ಡಿಯೇ ಸಾಕು! ಟಿವಿ ಒಂದೇ, ಕಣ್ಣು ಒಂದೇ, ಕೋಣೆ ಬೇರೆ. ಒಂದು ಮನೆಗೆ ಬೇಕಾದದ್ದು ಇನ್ನೊಂದು ಮನೆಗೆ ಬೇಡವಾಯಿತು. ಟಿವಿಯ ಮೇಲಿನ ಚೀಟಿ ಈ ಮಾತನ್ನು ಹೇಳುವುದಿಲ್ಲ. ಅದಕ್ಕೆ ನಿಮ್ಮ ಕೋಣೆ ಗೊತ್ತಿಲ್ಲವಲ್ಲ.

ಹಾಗಾದರೆ ಅಂಗಡಿಯಲ್ಲಿ 4ಕೆ ಅಷ್ಟು ಚೆನ್ನಾಗಿ ಕಾಣುವುದೇಕೆ? ಅಲ್ಲಿ ನಾವು ಪರದೆಯಿಂದ ಒಂದೇ ಮೀಟರ್ ದೂರದಲ್ಲಿ ನಿಂತಿರುತ್ತೇವೆ. ಅಷ್ಟು ಹತ್ತಿರದಿಂದ 43 ಇಂಚಿನ ಎಚ್‌ಡಿ ಟಿವಿ ಡಿಗ್ರಿಗೆ 35 ಚುಕ್ಕಿ ಮಾತ್ರ ತೋರಿಸುತ್ತದೆ, 4ಕೆ 70 ತೋರಿಸುತ್ತದೆ. ವ್ಯತ್ಯಾಸ ಎದ್ದು ಕಾಣುತ್ತದೆ. ಮೇಲಾಗಿ ಅಂಗಡಿಯಲ್ಲಿ ಓಡಿಸುವುದು ವಿಶೇಷವಾಗಿ ಚಿತ್ರಿಸಿದ ಹೂವು, ಹಕ್ಕಿ, ಜಲಪಾತಗಳ ದೃಶ್ಯ. ಆದ್ದರಿಂದ ಅಂಗಡಿಗೆ ಹೋದಾಗ ನಿಮ್ಮ ಮನೆಯಲ್ಲಿ ಎಷ್ಟು ದೂರ ಕೂರುತ್ತೀರೋ ಅಷ್ಟು ದೂರ ಹಿಂದೆ ಸರಿದು ನಿಂತು ನೋಡಿ. ಮನೆಯ ದೂರವನ್ನು ಅಳೆದು ಬರೆದುಕೊಂಡು ಹೋಗುವ ಕೆಲಸವನ್ನು ನೀವೇ ವಹಿಸಿಕೊಳ್ಳಬಹುದು.

ಒಳಗೆ ಬರುವುದೆಷ್ಟು?

ಟಿವಿಯಲ್ಲಿ ಎಷ್ಟು ಚುಕ್ಕಿ ಇದ್ದರೇನು, ಹೊರಗಿನಿಂದ ಬರುವ ಚಿತ್ರದಲ್ಲಿಯೂ ಅಷ್ಟು ಚುಕ್ಕಿ ಇರಬೇಕಲ್ಲವೇ?

ತಿರುವನಂತಪುರಕ್ಕೆ ಟಿವಿಯೊಂದಿಗೆ ಹಳೆಯ ನಂಟು ಇದೆ. ಕೇರಳ ಸರ್ಕಾರದ ಕೆಲ್ಟ್ರಾನ್ ಸಂಸ್ಥೆ 1973ರಲ್ಲಿ ಅಲ್ಲಿ ಆರಂಭವಾಯಿತು. ಮುಂದೆ ಆ ಹೆಸರಿನ ಟಿವಿಗಳು ಎಷ್ಟೋ ಮನೆಗಳಿಗೆ ಬಂದವು. 1985ರ ಜನವರಿ 1ರಂದು ತಿರುವನಂತಪುರ ದೂರದರ್ಶನ ಮಲಯಾಳದಲ್ಲಿ ಪ್ರಸಾರ ಆರಂಭಿಸಿತು. ಆ ಕಾಲದ ಪ್ರಸಾರದಲ್ಲಿ 625 ಗೆರೆಗಳು, ಪರದೆಯ ಮೇಲೆ ಕಾಣುತ್ತಿದ್ದದ್ದು ಅದರಲ್ಲಿ 576. ಮಂದಿ ಸುತ್ತ ನೆರೆದು, ಕಣ್ಣು ಮಿಟುಕಿಸದೆ ನೋಡಿದರು.

ಇಂದಿಗೂ ನಮ್ಮ ಅನೇಕ ಚಾನೆಲ್‌ಗಳು ಆ 576 ಸಾಲುಗಳ ಅಳತೆಯಲ್ಲಿಯೇ ಬರುತ್ತವೆ. ಅಂಥ ಚಿತ್ರ 4ಕೆ ಟಿವಿಗೆ ಬಂದಾಗ ಏನಾಗುತ್ತದೆ? 82,94,400ನ್ನು 4,14,720ರಿಂದ ಭಾಗಿಸಿ. ಸರಿಯಾಗಿ 20 ಬರುತ್ತದೆ. ಅಂದರೆ ಪರದೆಯ 20 ಚುಕ್ಕಿಗಳಲ್ಲಿ ಒಂದಕ್ಕೆ ಮಾತ್ರ ಹೊರಗಿನಿಂದ ಮಾಹಿತಿ ಬಂದಿದೆ. ಉಳಿದ 19 ಚುಕ್ಕಿಗಳು ಯಾವ ಬಣ್ಣದಲ್ಲಿರಬೇಕು ಎಂದು ಟಿವಿಯೊಳಗಿನ ಪುಟ್ಟ ಕಂಪ್ಯೂಟರ್ ಅಕ್ಕಪಕ್ಕದ ಚುಕ್ಕಿಗಳನ್ನು ನೋಡಿ ಊಹಿಸುತ್ತದೆ. ಒಳ್ಳೆಯ ಟಿವಿ ಜಾಣತನದಿಂದ ಊಹಿಸುತ್ತದೆ. ಆದರೂ ಊಹೆ ಊಹೆಯೇ. ಕ್ಯಾಮೆರಾ ಹಿಡಿಯದ ವಿವರವನ್ನು ಯಾವ ಪರದೆಯೂ ತಂದುಕೊಡಲಾರದು.

ಇಂಟರ್ನೆಟ್ ಮೂಲಕ 4ಕೆ ಚಿತ್ರ ತರಿಸಿಕೊಳ್ಳಬಹುದು. ಅದಕ್ಕೆ ಖರ್ಚೂ ಇದೆ. ನೆಟ್‌ಫ್ಲಿಕ್ಸ್ ಹೇಳುವಂತೆ 4ಕೆಗೆ ಸೆಕೆಂಡಿಗೆ 15 ಮೆಗಾಬಿಟ್ ವೇಗ ಬೇಕು, ಎಚ್‌ಡಿಗೆ 5 ಸಾಕು. ಒಂದು ಗಂಟೆ 4ಕೆ ನೋಡಿದರೆ 7 ಜಿಬಿಯವರೆಗೆ ಡೇಟಾ ಮುಗಿಯಬಹುದು.

ಇಲ್ಲಿ ನೆನಪಿಡಬೇಕಾದ ಒಂದು ಸಂಗತಿ ಇದೆ. 2005ರಲ್ಲಿ ರಾಷ್ಟ್ರಪತಿಗಳಾಗಿದ್ದ ಡಾ. ಎ.ಪಿ.ಜೆ. ಅಬ್ದುಲ್ ಕಲಾಂ ಅವರು ತಿರುವನಂತಪುರದಲ್ಲಿ ವಿಕ್ಟರ್ಸ್ ಎಂಬ ಶಿಕ್ಷಣ ಚಾನೆಲನ್ನು ಉದ್ಘಾಟಿಸಿದರು. ಕೊರೊನಾ ಬಂದು ಶಾಲೆಗಳು ಮುಚ್ಚಿದ್ದಾಗ, 2020ರ ಜೂನ್ 1ರಿಂದ ಅದೇ ಚಾನೆಲಿನಲ್ಲಿ ‘ಫಸ್ಟ್ ಬೆಲ್’ ಎಂಬ ಪಾಠಗಳು ಶುರುವಾದವು. ಟಿವಿ ಇಲ್ಲದ ಮಕ್ಕಳಿಗಾಗಿ ಊರಿನ ವಾಚನಾಲಯಗಳಲ್ಲಿ, ಅಂಗನವಾಡಿಗಳಲ್ಲಿ ಟಿವಿ ಇಟ್ಟರು. ಕಾಸರಗೋಡಿನ ಕನ್ನಡ ಮಾಧ್ಯಮದ ಮಕ್ಕಳಿಗಾಗಿ ಕನ್ನಡದಲ್ಲಿಯೂ ಪಾಠಗಳು ತಯಾರಾದವು. ಆ ಮಕ್ಕಳಿಗೆ ಬೇಕಾಗಿದ್ದದ್ದು ಟೀಚರ ದನಿ, ಬೋರ್ಡಿನ ಮೇಲಿನ ಲೆಕ್ಕ, ಪಾಠ ತಪ್ಪಿಹೋಗದ ಭರವಸೆ. ಸಾಮಾನ್ಯ ಟಿವಿಯೇ ಅದನ್ನು ತಲುಪಿಸಿತು. ಒಂದು ಟಿವಿಯ ಬೆಲೆ ಅದು ಏನನ್ನು ತೋರಿಸುತ್ತದೆ ಎಂಬುದರಲ್ಲಿ ಇದೆ ಎಂದು ನಾನು ಗಟ್ಟಿಯಾಗಿ ನಂಬುತ್ತೇನೆ.

ದೊಡ್ಡ ಪರದೆಯ ಹಸಿವು

ಹಾಗೆಂದು ಚುಕ್ಕಿಗಳಿಗೆ ಬೆಲೆಯೇ ಇಲ್ಲವೆಂದಲ್ಲ. ಕೊಚ್ಚಿಯ ಕಾಕ್ಕನಾಡಿನಲ್ಲಿ ನವೋದಯ ಸ್ಟುಡಿಯೋ ಇದೆ. ಭಾರತದಲ್ಲಿಯೇ ತಯಾರಾದ ಮೊದಲ 70 ಎಂಎಂ ಚಿತ್ರವೆಂದು ಹೆಸರಾದ ‘ಪಡಯೋಟ್ಟಂ’ 1982ರಲ್ಲಿ ನವೋದಯದಿಂದಲೇ ಬಂತು. ಎರಡು ವರ್ಷಗಳ ನಂತರ, 1984ರಲ್ಲಿ, ದೇಶದ ಮೊದಲ 3ಡಿ ಚಿತ್ರ ‘ಮೈ ಡಿಯರ್ ಕುಟ್ಟಿಚಾತ್ತನ್’ ಕೂಡ ಅಲ್ಲಿಂದ ಬಂತು. ಎರಡನ್ನೂ ನಿರ್ದೇಶಿಸಿದವರು ಜಿಜೋ. ವಿಶೇಷ ಕನ್ನಡಕ ಹಾಕಿಕೊಂಡು ಕೂತ ಮಕ್ಕಳ ಮುಂದೆ ಚಿತ್ರದೊಳಗಿನ ವಸ್ತುಗಳು ಗಾಳಿಯಲ್ಲಿ ತೇಲಿ ಬಂದವು.

ಅಗಲವಾದ ಫಿಲ್ಮ್ ಏಕೆ ಬೇಕಿತ್ತು? ಥಿಯೇಟರಿಗೂ ದಾರದ ಲೆಕ್ಕವನ್ನೇ ಹಾಕಿ ನೋಡಿ. ಪರದೆ 12 ಮೀಟರ್ ಅಗಲ ಎಂದುಕೊಳ್ಳಿ. ನಡುವಿನ ಸಾಲು 15 ಮೀಟರ್ ದೂರದಲ್ಲಿದೆ. ದೂರ ಒಂದೂಕಾಲು ದಾರ ಮಾತ್ರ! ಇಂದಿನ ಬಹಳ ಥಿಯೇಟರುಗಳಲ್ಲಿರುವ 2ಕೆ ಪ್ರೊಜೆಕ್ಟರ್ ಒಂದು ಸಾಲಿಗೆ 2048 ಚುಕ್ಕಿ ಮೂಡಿಸುತ್ತದೆ. ಆ ಲೆಕ್ಕದಲ್ಲಿ ಒಂದು ಚುಕ್ಕಿ ಆರು ಮಿಲಿಮೀಟರಿಗೆ ಹತ್ತಿರ, ಡಿಗ್ರಿಗೆ 45 ಚುಕ್ಕಿ. ಕಣ್ಣು ಕೇಳುವುದರ ಅರ್ಧವೂ ಅಲ್ಲ. ಅಲ್ಲಿ 4ಕೆ ಇದ್ದರೆ ಡಿಗ್ರಿಗೆ 90ರ ಹತ್ತಿರ ಬರುತ್ತದೆ, ಕಣ್ಣಿಗೆ ಹಬ್ಬ. ಹಿಂದೆ 70 ಎಂಎಂ ಫಿಲ್ಮ್ ಮಾಡುತ್ತಿದ್ದದ್ದು ಇದೇ ಕೆಲಸವನ್ನು. ದೊಡ್ಡ ಪರದೆಗೆ ಹೆಚ್ಚು ವಿವರ ಬೇಕು ಎಂಬ ಹಸಿವನ್ನು ಅದು ತಣಿಸುತ್ತಿತ್ತು.

ಕಣ್ಣು ಹತ್ತಿರ ಹೋಗುವ ಎಲ್ಲ ಕಡೆಯೂ ಹೀಗೆಯೇ. ಒಂದು ಮೊಳ ದೂರದ ಕಂಪ್ಯೂಟರ್ ಪರದೆ, ವೈದ್ಯರು ಎಕ್ಸ್-ರೇ ಚಿತ್ರದಲ್ಲಿ ಸಣ್ಣ ಬಿರುಕು ಹುಡುಕುವ ಪರದೆ, ಕಣ್ಣಿಗೇ ಕಟ್ಟಿಕೊಳ್ಳುವ ವಿಆರ್ ಕನ್ನಡಕ, ಇವುಗಳಿಗೆ ಚುಕ್ಕಿ ಹೆಚ್ಚಿದಷ್ಟೂ ಒಳ್ಳೆಯದು. ಜಪಾನಿನ ಎನ್‌ಎಚ್‌ಕೆ ಸಂಸ್ಥೆ ಹಲವು ವರ್ಷಗಳ ಸಂಶೋಧನೆಯ ನಂತರ 2018ರ ಡಿಸೆಂಬರ್ 1ರಂದು 8ಕೆ ಪ್ರಸಾರ ಆರಂಭಿಸಿತು. ಗೋಡೆಯಷ್ಟು ದೊಡ್ಡ ಪರದೆಯ ಮುಂದೆ ಕೂತವರಿಗೆ ಅದು ಬೆರಗು ಹುಟ್ಟಿಸುವ ಸಾಧನೆಯೇ ಸರಿ. ನಮ್ಮ ಹಾಲ್‌ನ ಗೋಡೆಗೆ ಅಂಥ ಪರದೆ ಹಿಡಿಸದು, ಹಿಡಿಸಿದರೂ ತೋರಿಸಲು 8ಕೆ ಚಿತ್ರಗಳು ತೀರಾ ಕಡಿಮೆ.

ಚುಕ್ಕಿಗಿಂತ ಬೆಳಕು

ಒಂದು 4ಕೆ ಟಿವಿ ಹಳೆಯದಕ್ಕಿಂತ ದೂರದಿಂದಲೂ ಚೆನ್ನಾಗಿ ಕಂಡರೆ, ಅದಕ್ಕೆ ಕಾರಣ ಬಹುಮಟ್ಟಿಗೆ ಬೇರೆಯೇ. ತಿರುವನಂತಪುರದ ಶ್ರೀ ಪದ್ಮನಾಭಸ್ವಾಮಿ ದೇವಸ್ಥಾನದಲ್ಲಿ ಆರು ವರ್ಷಕ್ಕೊಮ್ಮೆ ಲಕ್ಷದೀಪ ನಡೆಯುತ್ತದೆ. ಕತ್ತಲ ರಾತ್ರಿಯಲ್ಲಿ ಸಾವಿರ ಸಾವಿರ ದೀಪ. ಅಲ್ಲಿ ನಿಂತ ಮನುಷ್ಯನ ಕಣ್ಣಿಗೆ ದೀಪದ ಕುಡಿಯ ಹೊಳಪೂ ಕಾಣುತ್ತದೆ, ಪಕ್ಕದ ಕತ್ತಲಲ್ಲಿರುವ ಕಲ್ಲಿನ ಕೆತ್ತನೆಯೂ ಕಾಣುತ್ತದೆ. ಹಳೆಯ ಟಿವಿಯಲ್ಲಿ ಎರಡರಲ್ಲಿ ಒಂದು ಕೈಬಿಡುತ್ತದೆ. ದೀಪ ಬಿಳಿ ಮುದ್ದೆಯಾಗುತ್ತದೆ, ಇಲ್ಲವೇ ಕೆತ್ತನೆ ಕಪ್ಪಿನಲ್ಲಿ ಮುಳುಗುತ್ತದೆ.

ಎಚ್‌ಡಿಆರ್ ಎಂಬ ತಂತ್ರ ಈ ಕೊರತೆಯನ್ನು ತುಂಬುತ್ತದೆ. ಅತಿ ಮಂದದಿಂದ ಅತಿ ಹೊಳಪಿನವರೆಗಿನ ಮೆಟ್ಟಿಲುಗಳನ್ನು ಅದು ಹೆಚ್ಚಿಸುತ್ತದೆ. ಹಳೆಯ ಪದ್ಧತಿಯಲ್ಲಿ ಕೆಂಪು, ಹಸಿರು, ನೀಲಿ ಒಂದೊಂದಕ್ಕೂ 256 ಮೆಟ್ಟಿಲು. ಮೂರನ್ನೂ ಬೆರೆಸಿದರೆ 1.67 ಕೋಟಿ ಬಣ್ಣ. ಹೊಸ ಪದ್ಧತಿಯಲ್ಲಿ ಒಂದೊಂದಕ್ಕೆ 1024 ಮೆಟ್ಟಿಲು, ಒಟ್ಟು 107 ಕೋಟಿ ಬಣ್ಣ. ಚುಕ್ಕಿಯ ಗಾತ್ರದ ವ್ಯತ್ಯಾಸ ದೂರ ಹೋದಂತೆ ಅಳಿಸಿಹೋಗುತ್ತದೆ. ಬೆಳಕು ಮತ್ತು ಬಣ್ಣದ ವ್ಯತ್ಯಾಸ ಹಾಗಲ್ಲ, ಅಜ್ಜನ ಕುರ್ಚಿಯವರೆಗೂ ತಲುಪುತ್ತದೆ.

ಈಗ 43 ಇಂಚು ಮತ್ತು ಅದಕ್ಕಿಂತ ದೊಡ್ಡ ಟಿವಿಗಳಲ್ಲಿ ಬಹುಪಾಲು 4ಕೆಯೇ ಆಗಿ ಬರುತ್ತಿವೆ. ಹಾಗಾಗಿ ಅದನ್ನು ಬೇಡವೆಂದು ದೂರ ಇಡಬೇಕಿಲ್ಲ. ಚುಕ್ಕಿಯ ಸಂಖ್ಯೆ ನೋಡಿ ಹೆಚ್ಚು ಹಣ ಕೊಡುವ ಬದಲು, ಕತ್ತಲು ನಿಜವಾಗಿ ಕಪ್ಪಾಗಿದೆಯೇ, ಓಡುವ ಚೆಂಡು ಮಸುಕಾಗದೆ ಕಾಣುತ್ತದೆಯೇ, ಮಾತು ಸ್ಪಷ್ಟವಾಗಿ ಕೇಳುತ್ತದೆಯೇ ಎಂದು ನೋಡಿ. 8ಕೆಗೆ ಹಣ ಸುರಿಯುವ ಅಗತ್ಯ ಸದ್ಯಕ್ಕೆ ಯಾವ ಸಾಮಾನ್ಯ ಮನೆಗೂ ಇಲ್ಲ.

ಎಲ್ಲಕ್ಕಿಂತ ಮೊದಲು

ಇಷ್ಟು ಹೊತ್ತೂ ನಾವು ಹಾಕಿದ ಲೆಕ್ಕವೆಲ್ಲ ಚೆನ್ನಾಗಿ ಕಾಣುವ ಕಣ್ಣಿನದು. ಕಣ್ಣಿನಲ್ಲಿ ತುಸು ದೋಷವಿದ್ದರೆ? ವೈದ್ಯರು 6/12 ಎಂದು ಬರೆದರು ಎನ್ನೋಣ. ಬೇರೆಯವರು 12 ಮೀಟರ್ ದೂರದಿಂದ ಓದುವ ಅಕ್ಷರವನ್ನು ಆ ಮಗು ಆರು ಮೀಟರಿಗೆ ಬಂದರೆ ಮಾತ್ರ ಓದುತ್ತದೆ. 6/6 ಕಣ್ಣು ಬಿಡಿಸುವುದರ ಅರ್ಧದಷ್ಟು ವಿವರವಷ್ಟೇ ಅದರ ಪಾಲಿಗೆ. ಕೊಚ್ಚಿಯ ಆ ಫ್ಲಾಟಿನಲ್ಲಿ ಎಚ್‌ಡಿ ಟಿವಿ ಕೊಡುವ 88 ಚುಕ್ಕಿಗಳಲ್ಲಿಯೇ ಹೆಚ್ಚಿನವು ಆ ಮಗುವಿಗೆ ಕಾಣುವುದಿಲ್ಲ. 4ಕೆ ತಂದರೂ ಕಾಣುವುದಿಲ್ಲ, 8ಕೆ ತಂದರೂ ಕಾಣುವುದಿಲ್ಲ. ಸರಿಯಾದ ಕನ್ನಡಕ ಹಾಕಿದ ದಿನ ಹಳೆಯ ಟಿವಿಯೇ ಹೊಸದಾಗುತ್ತದೆ. ಟಿವಿ ಮಾತ್ರವಲ್ಲ, ತರಗತಿಯ ಕಪ್ಪುಹಲಗೆ, ಬಸ್ಸಿನ ಬೋರ್ಡು, ಮರದ ತುದಿಯ ಹಕ್ಕಿ, ಎಲ್ಲವೂ.

ನಿಮಗೆ ಟಿವಿಯ ಹತ್ತಿರ ಹತ್ತಿರ ಹೋಗಿ ಕೂರಬೇಕೆನ್ನಿಸುತ್ತಿದ್ದರೆ, ಬೋರ್ಡಿನ ಅಕ್ಷರ ಮಸುಕಾಗಿದ್ದರೆ, ಸುಮ್ಮನಿರಬೇಡಿ. ಅಮ್ಮನಿಗೆ, ಟೀಚರಿಗೆ ಹೇಳಿ. ಕನ್ನಡಕ ಹಾಕಿಕೊಳ್ಳುವುದರಲ್ಲಿ ನಾಚಿಕೆಪಡುವಂಥದ್ದು ಏನೂ ಇಲ್ಲ. ದಿನಕ್ಕೆ ಎರಡು ಗಂಟೆಯಾದರೂ ಬಯಲ ಬೆಳಕಿನಲ್ಲಿ ಆಡುವ ಮಕ್ಕಳಲ್ಲಿ ಸಮೀಪದೃಷ್ಟಿ ಬರುವ ಸಾಧ್ಯತೆ ಕಡಿಮೆ ಎಂದು ಹಲವು ಅಧ್ಯಯನಗಳು ತೋರಿಸಿವೆ. ಆಟವನ್ನು ನೋಡುವುದರ ಜೊತೆಗೆ ಆಟ ಆಡುವುದೂ ಕಣ್ಣಿಗೆ ಬೇಕು.

ಮನೆಯಲ್ಲಿ ಹೊಸ ಟಿವಿಯ ಮಾತು ಬಂದರೆ ನೀವು ಈ ಕ್ರಮವನ್ನು ಹೇಳಿಕೊಡಿ: ಮೊದಲು ಎಲ್ಲರ ಕಣ್ಣು ಪರೀಕ್ಷೆ ಆಗಲಿ, ಆಮೇಲೆ ಕೋಣೆಯ ಅಳತೆ, ಆಮೇಲೆ ನಾವು ದಿನವೂ ಏನನ್ನು ನೋಡುತ್ತೇವೆ ಎಂಬ ವಿಚಾರ, ಕೊನೆಗೆ ಟಿವಿಯ ಮೇಲಿನ ಸಂಖ್ಯೆ. ಈ ಕ್ರಮ ತಪ್ಪದಿದ್ದರೆ ಹಣವೂ ಉಳಿಯುತ್ತದೆ, ನೋಟವೂ ಚೆನ್ನಾಗಿರುತ್ತದೆ.